ಭಕ್ತಿವೃದ್ಧಿ ಎಂಬ ಮಾತು

ಕನ್ನಡ ಬೈಬಲ್ಲನ್ನು ಕನ್ನಡದ ಗ್ರಂಥವೆಂದು ಓದುವವರು ನಮ್ಮಲ್ಲಿ ಹೆಚ್ಚು ಮಂದಿಯಿಲ್ಲ. ಕ್ರೈಸ್ತರು ಅದನ್ನು ಧರ್ಮಗ್ರಂಥವೆಂದು ಓದುತ್ತಾರೆ. ಉಳಿದವರು ಅದು ಕ್ರೈಸ್ತರ ಧರ್ಮಗ್ರಂಥವೆಂಬ ಕಾರಣದಿಂದಲೇ ಓದದೆ ಬಿಡುತ್ತಾರೆ. ಇದರಿಂದ ಇಬ್ಬರಿಗೂ ನಷ್ಟವುಂಟು. ಒಂದು ಧರ್ಮಗ್ರಂಥ ಹೊಸ ಭಾಷೆಗೆ ಬರುವಾಗ ಕಥೆ ಉಪದೇಶಗಳಷ್ಟೇ ಬರುವುದಿಲ್ಲ. ಬಾಳಿನ ಒಂದು ಕ್ರಮವೂ ಬರುತ್ತದೆ. ಆ ಕ್ರಮಕ್ಕೆ ಬೇಕಾದ ಹೆಸರುಗಳನ್ನು ಅನುವಾದಕನು ಆ ಭಾಷೆಯಲ್ಲಿ ಅದಾಗಲೇ ಬಳಕೆಯಲ್ಲಿರುವ ಮಾತುಗಳಿಂದಲೇ ಆರಿಸಿಕೊಳ್ಳಬೇಕಾಗುತ್ತದೆ. ಅವನು ಆರಿಸಿದ ಮಾತನ್ನು ಹಿಡಿದುಕೊಂಡು ಮುಂದಿನ ತಲೆಮಾರುಗಳು ಪ್ರಾರ್ಥಿಸುತ್ತವೆ, ನಡೆಯುತ್ತವೆ, ಕೆಲವೊಮ್ಮೆ ಎಡವುತ್ತವೆ. ಅಂಥ ಮಾತುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಎತ್ತಿಕೊಂಡಿದೆ. ಅದು ‘ಭಕ್ತಿವೃದ್ಧಿ’.

ಚರ್ಚಿನ ಕನ್ನಡ ಬಲ್ಲವರಿಗೆ ಈ ಮಾತು ಹೊಸದಲ್ಲ. ಉಪದೇಶಿಗಳ ಬಾಯಲ್ಲಿ, ಪ್ರಾರ್ಥನಾ ಕೂಟಗಳ ಕರೆಯೋಲೆಗಳಲ್ಲಿ, ದಿನಕ್ಕೊಂದು ವಾಕ್ಯವನ್ನು ವಿವರಿಸುವ ಚಿಕ್ಕ ಪುಸ್ತಕಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಅದರ ಮೂಲಸ್ಥಾನ ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರಿಕೆ. ಜ್ಞಾನವು ಮನುಷ್ಯನನ್ನು ಉಬ್ಬಿಸುತ್ತದೆ, ಪ್ರೀತಿಯಾದರೋ ಇನ್ನೊಂದು ಕೆಲಸ ಮಾಡುತ್ತದೆ ಎಂದು ಎಂಟನೆಯ ಅಧ್ಯಾಯದ ಮೊದಲಲ್ಲಿ ಅವನು ಹೇಳುವನಷ್ಟೆ. ಆ ‘ಇನ್ನೊಂದು ಕೆಲಸ’ಕ್ಕೆ ಬಹುಕಾಲದಿಂದ ಓದಿಕೊಂಡು ಬಂದಿರುವ ಕನ್ನಡ ಅನುವಾದವು ಕೊಟ್ಟ ಹೆಸರು ಭಕ್ತಿವೃದ್ಧಿ. ಹದಿನಾಲ್ಕನೆಯ ಅಧ್ಯಾಯದಲ್ಲಿಯೂ ಇದೇ ಮಾತು ಸಾಲುಸಾಲಾಗಿ ಬರುತ್ತದೆ. ಪೌಲನ ಗ್ರೀಕಿನಲ್ಲಿ ಈ ಸ್ಥಳಗಳಲ್ಲಿರುವ ಶಬ್ದ ‘ಒಯ್ಕೊದೊಮೆ’. ಒಯ್ಕೊಸ್ ಎಂದರೆ ಮನೆ. ಒಟ್ಟು ಮಾತಿನ ಅರ್ಥ ಮನೆ ಕಟ್ಟುವುದು. ಕಲ್ಲಿನ ಮೇಲೆ ಕಲ್ಲಿಟ್ಟು, ಗೋಡೆ ಎಬ್ಬಿಸಿ, ಜನ ಒಳಗೆ ಇರಬಹುದಾದ ಆಶ್ರಯವೊಂದನ್ನು ನಿಲ್ಲಿಸುವ ಕೆಲಸ ಅದು. ಪ್ರೀತಿ ಮನೆ ಕಟ್ಟುತ್ತದೆ ಎಂದು ಪೌಲ; ಪ್ರೀತಿ ಭಕ್ತಿಯನ್ನು ಬೆಳೆಸುತ್ತದೆ ಎಂದು ಕನ್ನಡ. ಎರಡೂ ಒಳ್ಳೆಯ ಮಾತುಗಳೇ. ಆದರೆ ಎರಡೂ ಒಂದೇ ಅಲ್ಲ.

ಕಟ್ಟುವುದು ಮತ್ತು ಬೆಳೆಯುವುದು ಪೌಲನಿಗೆ ಬೇರೆ ಬೇರೆ ವಿಷಯಗಳಾಗಿರಲಿಲ್ಲ ಎಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಅದೇ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಅವನು ಕೊರಿಂಥದ ಸಭೆಯವರನ್ನು ಒಂದೇ ಉಸಿರಿನಲ್ಲಿ ದೇವರ ಹೊಲವೆಂದೂ ದೇವರ ಕಟ್ಟಡವೆಂದೂ ಕರೆಯುತ್ತಾನೆ. ತಾನು ಸಸಿ ನೆಟ್ಟೆ, ಅಪೊಲ್ಲೋಸನು ನೀರು ಹಾಕಿದ, ಬೆಳೆಯಿಸಿದವನು ದೇವರು ಎಂಬ ಭಾವ ಹೊಲದ ಚಿತ್ರದಿಂದ ಬಂದದ್ದು. ತಾನು ಅಡಿಪಾಯ ಹಾಕಿದೆ, ಮೇಲೆ ಕಟ್ಟುವವರು ಎಚ್ಚರದಿಂದ ಕಟ್ಟಲಿ ಎಂಬುದು ಮನೆಯ ಚಿತ್ರದಿಂದ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಂತೂ ಎರಡು ಚಿತ್ರಗಳೂ ಬೆರೆತು ಕಟ್ಟಡವೇ ಬೆಳೆಯತೊಡಗುತ್ತದೆ. ಹೊಲ ಹೇಳುವುದು ಕಾಲದ ಮಾತನ್ನು: ಅವಸರ ಬೇಡ, ಬೆಳೆಯುವುದು ನಿನ್ನ ಕೈಯಲ್ಲಿಲ್ಲ. ಮನೆ ಹೇಳುವುದು ಸಂಬಂಧದ ಮಾತನ್ನು: ನೀನು ಒಂಟಿ ಕಲ್ಲಲ್ಲ, ನಿನ್ನ ಮೇಲೆ ಇನ್ನೊಬ್ಬನ ಭಾರವಿದೆ, ನೀನೂ ಇನ್ನೊಬ್ಬನ ಮೇಲೆ ನಿಂತಿದ್ದೀಯೆ. ಕನ್ನಡದ ‘ಭಕ್ತಿವೃದ್ಧಿ’ಯಲ್ಲಿ ಹೊಲ ಉಳಿಯಿತು, ಮನೆ ಮರೆಯಾಯಿತು.

ಮರೆಯಾಗುವುದಕ್ಕೆ ನಮ್ಮ ಭಾಷೆಯ ಇನ್ನೊಂದು ಗುಣವೂ ಸಹಾಯ ಮಾಡಿದೆ. ನೀವು ದೇವರ ಆಲಯವಾಗಿದ್ದೀರಿ ಎಂಬ ಅರ್ಥದ ಮಾತು ಆ ಮೂರನೆಯ ಅಧ್ಯಾಯದಲ್ಲಿಯೇ ಬರುತ್ತದೆ. ಗ್ರೀಕಿನಲ್ಲಿ ಅದು ಸ್ಪಷ್ಟವಾದ ಬಹುವಚನ. ಸಭೆಯವರೆಲ್ಲರೂ ಸೇರಿ ಒಂದು ಆಲಯ. ಕನ್ನಡದಲ್ಲಿ ‘ನೀವು’ ಎಂಬುದು ಬಹುವಚನವೂ ಹೌದು, ಗೌರವದ ಏಕವಚನವೂ ಹೌದು. ಒಬ್ಬನೇ ಕುಳಿತು ಓದುವ ವಾಚಕನಿಗೆ ಗ್ರಂಥವು ತನ್ನನ್ನು ಮರ್ಯಾದೆಯಿಂದ ಮಾತನಾಡಿಸುತ್ತಿದೆ ಎನ್ನಿಸುತ್ತದೆ. ಊರಿಗೆ ಬರೆದ ಕಾಗದವನ್ನು ಅವನು ತನ್ನ ಹೆಸರಿಗೆ ಬಂದ ಕಾಗದವೆಂದು ಒಡೆದು ಓದುತ್ತಾನೆ. ಇದು ಅವನ ತಪ್ಪಲ್ಲ, ವ್ಯಾಕರಣದ ಸೌಜನ್ಯ. ಆದರೂ ಪರಿಣಾಮ ಸಣ್ಣದಲ್ಲ.

ಆತ್ಮಿಕ ಬೆಳವಣಿಗೆಯನ್ನು ಕುರಿತು ಕನ್ನಡದಲ್ಲಿ ಬರುವ ಚಿಕ್ಕ ಪುಸ್ತಕಗಳನ್ನು ಓದಿದವರಿಗೆ ಈ ಪರಿಣಾಮ ಕಾಣದೆ ಇರದು. ಅವುಗಳ ರಚನೆ ಬಹುಮಟ್ಟಿಗೆ ಒಂದೇ ಬಗೆಯದು. ಮೊದಲು ಒಂದು ವಾಕ್ಯ. ಆಮೇಲೆ ಅದರಿಂದ ಕಲಿಯಬೇಕಾದ ಮೂರು ಪಾಠಗಳು. ಕೊನೆಗೆ ಓದುಗನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು. ನೀನು ದಿನವೂ ಪ್ರಾರ್ಥಿಸುತ್ತಿದ್ದೀಯೆ? ನಿನ್ನ ಕೋಪವನ್ನು ಗೆದ್ದಿದ್ದೀಯೆ? ಪ್ರಶ್ನೆಗಳು ಒಳ್ಳೆಯವೇ, ಇವುಗಳಿಂದ ಸಮಾಧಾನ ಪಡೆದು ಕುಡಿತ ಬಿಟ್ಟವರು, ಜಗಳ ಬಿಟ್ಟವರು ಇದ್ದಾರೆಂಬುದನ್ನು ಅಲ್ಲಗಳೆಯಲಾಗದು. ಆದರೆ ಈ ಪುಸ್ತಕಗಳ ಪುಟದಲ್ಲಿ ಇರುವವರು ಇಬ್ಬರೇ: ದೇವರು ಮತ್ತು ಓದುಗ. ನೆರೆಯವನು ಅಲ್ಲಿ ಬಂದರೂ ಓದುಗನ ತಾಳ್ಮೆಯನ್ನು ಪರೀಕ್ಷಿಸುವ ಸಲಕರಣೆಯಾಗಿ ಬರುತ್ತಾನೆ. ಊರು ಇಲ್ಲ, ಮಳೆಯಿಲ್ಲ, ಕೂಲಿಯಿಲ್ಲ, ಜಾತಿಯಿಲ್ಲ. ಉಪದೇಶವು ಯಾವ ನೆಲದಲ್ಲಿ ಬೇರು ಬಿಡಬೇಕೆಂಬುದು ಲೇಖಕನ ಮನಸ್ಸಿಗೆ ಬಂದಂತೆಯೇ ತೋರುವುದಿಲ್ಲ.

ಒಂಟಿ ಸಾಧಕನ ಚಿತ್ರಕ್ಕೆ ಹಿಂದಿನ ಬಲವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಾಸೆಲ್ ಮಿಷನ್ನಿನವರು ಬನಿಯನ್ನನ ಪ್ರಸಿದ್ಧ ಕೃತಿಯನ್ನು ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೆ ತಂದರು. ಅದರ ನಾಯಕನು ಹೆಂಡತಿ ಮಕ್ಕಳು ಕೂಗಿ ಕರೆದರೂ ಕಿವಿ ಮುಚ್ಚಿಕೊಂಡು ಓಡುವುದರಿಂದ ಅವನ ಯಾತ್ರೆ ಆರಂಭವಾಗುತ್ತದೆ. ಕ್ರೈಸ್ತರಲ್ಲದ ಕನ್ನಡಿಗರ ಮನೆಗಳಲ್ಲಿಯೂ ಹಾಡಾಗಿ ನೆಲೆಸಿರುವ ನ್ಯೂಮನ್ನನ ಪ್ರಾರ್ಥನೆ, ಬಿ. ಎಂ. ಶ್ರೀಯವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಕನ್ನಡಿಸಿದ್ದು, ಅದೂ ಕತ್ತಲೆಯಲ್ಲಿ ಒಬ್ಬನೇ ನಡೆಯುವವನ ಮೊರೆ. ದೂರದ ದಾರಿ ಬೇಡ, ಒಂದು ಹೆಜ್ಜೆಗೆ ಬೆಳಕು ಸಾಕು ಎನ್ನುವ ಅದರ ವಿನಯ ದೊಡ್ಡದು. ದಾರಿಯ ಚಿತ್ರಕ್ಕೆ ತನ್ನದೇ ಸತ್ಯವುಂಟು. ಆದರೆ ದಾರಿ ಮನೆಯಲ್ಲ. ದಾರಿಯಲ್ಲಿ ಒಬ್ಬನೇ ಹೋಗಬಹುದು. ಮನೆಯನ್ನು ಒಬ್ಬನೇ ಕಟ್ಟಲಾರ.

ಇಷ್ಟನ್ನು ಪುಸ್ತಕದ ಮಾತಾಗಿಯೇ ಬಿಡಬಹುದಾಗಿತ್ತು. ಆದರೆ ಅನುವಾದದ ಮಾತನ್ನು ನೆಲದ ಮೇಲಿಟ್ಟು ಒರೆದು ನೋಡಿದರೇನೇ ಅದರ ಬೆಲೆ ತಿಳಿಯುವುದು. ಅದಕ್ಕೆ ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ದೋಆಬಿಗಿಂತ ತಕ್ಕ ನೆಲ ದೊರೆಯುವುದು ಕಷ್ಟ. ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಸಿರುಗುಪ್ಪ, ಅದರಾಚೆ ಬಳ್ಳಾರಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಂದು ನೆಲೆಸಿ ಕನ್ನಡ ಬೈಬಲಿನ ಅನುವಾದಕ್ಕೆ ಕೈಹಾಕಿದ್ದು ಆ ಬಳ್ಳಾರಿಯಲ್ಲಿ. ಅವನ ಜೊತೆಗಾರ ವಿಲಿಯಂ ರೀವ್ ಕನ್ನಡ ನಿಘಂಟು ರಚಿಸಿದ್ದೂ ಈ ಕೆಲಸದ ಬಳಿಯಲ್ಲಿಯೇ. ಕನ್ನಡ ಬೈಬಲ್ಲು ಹುಟ್ಟಿದ್ದು ಈ ಸೀಮೆಯ ನೆರೆಯಲ್ಲಿ ಎಂದರೆ ತಪ್ಪಾಗಲಾರದು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಂತೂ ಅದಕ್ಕೂ ಬಹಳ ಹಿಂದೆ, ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ, ಗೋವೆಯ ಕಡೆಯಿಂದ ಬಂದ ಪಾದ್ರಿಗಳಿಂದ ಒಂದು ಕಥೋಲಿಕ ಸಮುದಾಯ ಬೇರೂರಿತು, ಈಗಲೂ ಅಲ್ಲಿದೆ. ಮುಂದೆ ರಾಯಚೂರಿನ ಸುತ್ತ ಮೆಥೋಡಿಸ್ಟ್ ಸಭೆಗಳು ಬಂದವು. ಹಾಗಾಗಿ ಬೈಬಲಿನ ಬೋಧನೆ ಇಲ್ಲಿ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ.

ಬಿತ್ತುವವನ ಸಾಮತಿಯನ್ನೇ ತೆಗೆದುಕೊಳ್ಳೋಣ. ಬೀಜ ಕೆಲವು ದಾರಿಯ ಬದಿಗೆ, ಕೆಲವು ಕಲ್ಲುನೆಲಕ್ಕೆ, ಕೆಲವು ಮುಳ್ಳಿನ ನಡುವೆ, ಕೆಲವು ಒಳ್ಳೆಯ ನೆಲಕ್ಕೆ ಬಿದ್ದವು. ಮಸ್ಕಿ ಲಿಂಗಸುಗೂರುಗಳ ಎರೆಭೂಮಿಯಲ್ಲಿ ಕೂರಿಗೆಯ ಬಟ್ಟಲಿಗೆ ಬೀಜ ಬಿಟ್ಟುಕೊಂಡು ಸಾಲಿಗೆ ಸರಿಯಾಗಿ ಬಿಳಿಜೋಳ ಬಿತ್ತುವ ರೈತನಿಗೆ ಈ ಕಥೆ ಮೊದಲು ವಿಚಿತ್ರವಾಗಿಯೇ ಕೇಳಬೇಕು. ಬೀಜವನ್ನು ದಾರಿಗೆ ಚೆಲ್ಲುವ ಬೇಸಾಯಗಾರ ಯಾರು? ಪಾಲೆಸ್ತೀನಿನಲ್ಲಿ ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು, ಉಳುವುದಕ್ಕಿಂತ ಮೊದಲೇ ಚೆಲ್ಲುವುದೂ ಇತ್ತು ಎಂದು ವಿದ್ವಾಂಸರು ವಿವರಿಸುತ್ತಾರೆ. ಆ ಬಗ್ಗೆ ಅವರಲ್ಲಿ ವಾದವೂ ಉಂಟು. ಆದರೆ ನಮ್ಮ ರೈತನ ಆಶ್ಚರ್ಯವನ್ನು ಉಪದೇಶಿಯು ಅಡಿಟಿಪ್ಪಣಿಯಿಂದ ಮುಚ್ಚಿಹಾಕಬಾರದು. ಆ ಆಶ್ಚರ್ಯದಲ್ಲಿಯೇ ಕಥೆಯ ತಿರುಳಿದೆ. ಈ ಬಿತ್ತುವವನು ಲೆಕ್ಕ ಹಾಕುವುದಿಲ್ಲ. ಬೆಳೆಯದ ನೆಲಕ್ಕೂ ಅವನು ಬೀಜ ಕೊಡುತ್ತಾನೆ. ಚಿಕ್ಕ ಪುಸ್ತಕಗಳು ಸಾಧಾರಣವಾಗಿ ಇಲ್ಲಿ ನಿಲ್ಲುವುದೇ ಇಲ್ಲ. ನೀನು ಯಾವ ನೆಲ ಎಂದು ನೇರವಾಗಿ ಕೇಳಿ ಓದುಗನನ್ನು ನಾಲ್ಕರಲ್ಲೊಂದು ಗುಂಪಿಗೆ ಸೇರಿಸಿಬಿಡುತ್ತವೆ. ಬೇಸಾಯ ಬಲ್ಲವನಿಗೆ ಗೊತ್ತು, ಒಂದೇ ಹೊಲದಲ್ಲಿ ನಾಲ್ಕೂ ಇರುತ್ತವೆ. ಮುಳ್ಳುಕಂಟಿ ಕಡಿದರೆ, ಕಲ್ಲು ಆರಿಸಿ ಬದುವಿಗೆ ಹಾಕಿದರೆ ನೆಲದ ಜಾತಿ ಬದಲಾಗುತ್ತದೆ.

ಫಲದ ಲೆಕ್ಕದಲ್ಲಿ ಸುವಾರ್ತೆಗಳ ನಡುವೆ ಸಣ್ಣ ವ್ಯತ್ಯಾಸವಿದೆ. ಮಾರ್ಕನು ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಎನ್ನುತ್ತಾನೆ. ಲೂಕನು ನೂರನ್ನು ಮಾತ್ರ ಇಟ್ಟುಕೊಂಡು, ಕೊನೆಯ ವಿವರಣೆಯಲ್ಲಿ ಬೇರೆಯವರು ಹೇಳದ ಒಂದು ಗುಣವನ್ನು ಸೇರಿಸುತ್ತಾನೆ: ತಾಳ್ಮೆ. ಮಾರ್ಕನಲ್ಲಿ ಮಾತ್ರ ಇರುವ ಇನ್ನೊಂದು ಪುಟ್ಟ ಸಾಮತಿಯಲ್ಲಿ ಬಿತ್ತಿದವನು ರಾತ್ರಿ ಮಲಗಿ ಹಗಲು ಏಳುತ್ತಿರುತ್ತಾನೆ, ಬೀಜವು ಅವನಿಗೆ ತಿಳಿಯದ ರೀತಿಯಲ್ಲಿ ಮೊಳೆತು ತೆನೆಯಾಗುತ್ತದೆ. ಕನ್ನಡದಲ್ಲಿ ‘ಬೆಳೆ’ ಎಂದರೆ ಕ್ರಿಯಾಪದವೂ ಹೌದು, ಹೊಲದಲ್ಲಿ ನಿಂತ ಪೈರೂ ಹೌದು. ಆತ್ಮಿಕ ಬೆಳವಣಿಗೆ ಎಂಬ ಮಾತನ್ನು ಇಂಗ್ಲಿಷಿನಿಂದ ತಂದ ಪಾರಿಭಾಷಿಕವೆಂದು ಕೇಳದೆ ಈ ಹಳೆಯ ‘ಬೆಳೆ’ಯಿಂದ ಹುಟ್ಟಿದ್ದೆಂದು ಕೇಳಿದರೆ ಅರ್ಧ ಅವಸರ ತಾನಾಗಿಯೇ ತಗ್ಗುತ್ತದೆ.

ಇನ್ನು ಸಿಂಧನೂರು. ತುಂಗಭದ್ರೆಯ ಅಣೆಕಟ್ಟು ೧೯೫೩ರಲ್ಲಿ ಮುಗಿದು ಎಡದಂಡೆಯ ಕಾಲುವೆ ಹರಿದ ಮೇಲೆ ಜೋಳದ ಸೀಮೆ ಭತ್ತದ ಸೀಮೆಯಾಯಿತು. ಅದರ ಜೊತೆಗೆ ಎರಡು ತೊಂದರೆಗಳೂ ಬಂದವು. ಬಸಿದುಹೋಗುವ ದಾರಿಯಿಲ್ಲದೆ ನೀರು ನಿಂತ ಎರೆಭೂಮಿ ಜವಳಾಯಿತು, ಉಪ್ಪು ಮೇಲೆದ್ದು ಸವಳಾಯಿತು. ಕಾಲುವೆಯ ಮೇಲ್ಭಾಗದವರು ನೀರನ್ನು ತುಂಬಿಕೊಂಡರೆ ಕೊನೆಭಾಗದ ಹೊಲಗಳಿಗೆ ನೀರು ತಲುಪುವುದಿಲ್ಲವೆಂಬುದು ವರ್ಷ ವರ್ಷವೂ ಕೇಳುವ ದೂರು. ವಾಕ್ಯವನ್ನು ಕೇಳುವವರಷ್ಟೇ ಆಗದೆ ಅದರಂತೆ ನಡೆಯುವವರಾಗಬೇಕೆಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ; ಕೇಳಿ ಬಿಡುವವನನ್ನು ಕನ್ನಡಿಯಲ್ಲಿ ಮುಖ ನೋಡಿ ಮರೆತು ಹೋಗುವವನಿಗೆ ಹೋಲಿಸುತ್ತದೆ. ಸಿಂಧನೂರಿನ ರೈತನಿಗೆ ಕನ್ನಡಿಗಿಂತ ಹತ್ತಿರದ ಉಪಮೆ ಕಾಲಕೆಳಗೆ ಇದೆ. ಉಪದೇಶ ಹರಿದು ಬರುತ್ತಲೇ ಇದ್ದು, ಅದು ಕೃತಿಯಾಗಿ ಹೊರಗೆ ಬಸಿಯದಿದ್ದರೆ ಮನಸ್ಸು ಸವಳಾಗುತ್ತದೆ. ಕೊನೆಭಾಗದ ಹೊಲಕ್ಕೆ ನೀರು ಬಿಡದವನು ತನ್ನ ಗದ್ದೆಯ ಹಸಿರನ್ನು ತೋರಿಸಿ ದೇವರು ಬೆಳೆಯಿಸಿದನೆಂದು ಹೇಳಿದರೆ, ಪೌಲನು ಅದನ್ನು ಒಪ್ಪುತ್ತಿದ್ದನೇ ಎಂಬುದು ವಿಚಾರ ಮಾಡಬೇಕಾದ ವಿಷಯ.

ವೃದ್ಧಿಯ ಮಾತು ಈ ನೆಲಕ್ಕೆ ಬೈಬಲಿನ ಜೊತೆಗೇ ಬಂತೆಂದು ತಿಳಿಯಬಾರದು. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ೧೯೧೫ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಗುರುತಿಸಿದಾಗ, ದೇವಾನಾಂಪ್ರಿಯನು ಅಶೋಕನೇ ಎಂಬುದು ಹೆಸರಿನಿಂದಲೇ ಖಚಿತವಾಯಿತೆಂದು ನಮ್ಮ ಶಾಲೆಯ ಹುಡುಗರೂ ಬಲ್ಲರು. ಶಾಸನ ಏನು ಹೇಳುತ್ತದೆಂಬುದನ್ನು ಬಲ್ಲವರು ಕಡಿಮೆ. ಅದು ಒಬ್ಬ ಮನುಷ್ಯನ ಧಾರ್ಮಿಕ ಬೆಳವಣಿಗೆಯ ವರದಿ. ತಾನು ಬೌದ್ಧನಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತೆಂದು ಅರಸನು ಹೇಳುತ್ತಾನೆ. ಇದೇ ಶಾಸನದ ಬ್ರಹ್ಮಗಿರಿಯ ಪಾಠದಲ್ಲಿ ಮೊದಲ ವರ್ಷ ತಾನು ಸಾಕಷ್ಟು ಶ್ರಮಪಡಲಿಲ್ಲವೆಂದೂ ಒಪ್ಪಿಕೊಳ್ಳುತ್ತಾನೆ. ಈ ಗತಿ ದೊಡ್ಡವರಿಗಷ್ಟೇ ಅಲ್ಲ, ಧರ್ಮದಲ್ಲಿ ತೊಡಗಿದ ಸಣ್ಣವರಿಗೂ ದೊರೆಯುತ್ತದೆಂದು ಎಲ್ಲರಿಗೂ ತಿಳಿಸಬೇಕು, ಹೀಗೆ ನಡೆದರೆ ಧರ್ಮ ಒಂದೂವರೆ ಪಟ್ಟು ಬೆಳೆಯುವುದು ಎಂಬುದು ಮಸ್ಕಿಯ ಪಾಠದ ಭಾವ. ಗಲಿಲಾಯದ ನೂರರಷ್ಟು ಫಲದ ಮುಂದೆ ಒಂದೂವರೆ ಪಟ್ಟು ಎಂಬುದು ಎಷ್ಟು ಮಿತವಾದ ಮಾತು! ಅರಸನು ಶ್ರಮವನ್ನು ನಂಬಿದ, ಪೌಲನು ಕೃಪೆಯನ್ನು ನಂಬಿದ. ಈ ಭೇದವನ್ನು ಮಸಕುಗೊಳಿಸಬೇಕಾದ್ದಿಲ್ಲ. ಆದರೆ ಸಣ್ಣವನ ಪಾಲನ್ನು ಮರೆತ ಬೆಳವಣಿಗೆಯನ್ನು ಇಬ್ಬರೂ ಬೆಳವಣಿಗೆಯೆಂದು ಕರೆಯಲಿಲ್ಲ.

ಹಾಗಾದರೆ ‘ಭಕ್ತಿವೃದ್ಧಿ’ಯನ್ನು ಕೈಬಿಟ್ಟು ‘ಮನೆ ಕಟ್ಟುವುದು’ ಎಂದು ತಿದ್ದಿಬಿಡೋಣವೇ? ಮೂಲನಿಷ್ಠರು ಹಾಗೆನ್ನಬಹುದು. ನಮಗೆ ಹಾಗೆ ತೋರುವುದಿಲ್ಲ. ಬೈಬಲಿನ ಕನ್ನಡವನ್ನು ರೂಪಿಸಿದ ಆ ಕಾಲದವರು ಭಕ್ತಿಯೆಂಬ ಮಾತಿನ ಹಿಂದಿರುವ ನಾಡಿನ ಅನುಭವವನ್ನು ಅರಿಯದವರಲ್ಲ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ೧೮೫೦ರಲ್ಲಿಯೇ ದಾಸರ ಪದಗಳನ್ನು ಅಚ್ಚುಹಾಕಿಸಿದ. ಅದೇ ಮಿಷನ್ನಿನ ಕಿಟ್ಟೆಲ್ ೧೮೬೨ರ ತನ್ನ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಗೆ ಕನ್ನಡದ ಛಂದಸ್ಸನ್ನೇ ತೊಡಿಸಿದ. ಭಕ್ತಿ ಎಂದ ಕೂಡಲೆ ಒಬ್ಬನ ಮನಸ್ಸಿನ ಆರ್ದ್ರತೆಯೆಂದು ತಿಳಿಯುವುದು ಈಚಿನ ಪಟ್ಟಣದ ಓದು. ಕನ್ನಡದ ಹಳೆಯ ಭಕ್ತನಿಗೆ ಮನೆ ಇತ್ತು, ಮನೆಯಲ್ಲಿ ಒಲೆ ಇತ್ತು, ಒಲೆಯ ಮುಂದೆ ಬಂದವರ ಪಂಕ್ತಿ ಇತ್ತು.

ಇದಕ್ಕೆ ಸಾಕ್ಷಿ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಈ ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣಕ್ಕೆ ಹೋಗಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ, ದಿನದ ಅಳತೆಗೆ ಮೀರಿದ್ದನ್ನು ತಂದ ಜಾಗಕ್ಕೇ ಹಾಕಿ ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಭಕ್ತಿ ವೃದ್ಧಿಯಾಗಬೇಕಾದರೆ ಅಕ್ಕಿ ವೃದ್ಧಿಯಾಗಬಾರದು ಎಂಬುದನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ತೋರಿಸಿಕೊಟ್ಟಿಲ್ಲ.

ಬೈಬಲ್ಲು ಬಲ್ಲವರಿಗೆ ಇಲ್ಲಿ ವಿಮೋಚನಕಾಂಡದ ಹದಿನಾರನೆಯ ಅಧ್ಯಾಯ ನೆನಪಾಗದೆ ಇರದು. ಅರಣ್ಯದಲ್ಲಿ ಬಿದ್ದ ಮನ್ನವನ್ನು ಕೆಲವರು ಹೆಚ್ಚು ಕೂಡಿಸಿದರು, ಕೆಲವರು ಕಡಿಮೆ. ಅಳೆದು ನೋಡಿದರೆ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆಯವನಿಗೆ ಕೊರೆಯಾಗಲಿಲ್ಲ. ಮರುದಿನಕ್ಕೆಂದು ಬಚ್ಚಿಟ್ಟದ್ದು ಹುಳು ಬಿದ್ದು ನಾರಿತು. ಈ ಕಥೆಯನ್ನು ಪೌಲನು ಎತ್ತಿಕೊಂಡದ್ದು ಯಾರಿಗೆ ಬರೆಯುವಾಗ? ಅದೇ ಕೊರಿಂಥದವರಿಗೆ, ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ; ಯೆರೂಸಲೇಮಿನ ಬಡವರಿಗೆ ನಿಮ್ಮ ಸಮೃದ್ಧಿಯಿಂದ ಪಾಲು ಕಳುಹಿಸಿರಿ, ಸಮಾನತ್ವವಿರಲಿ ಎಂದು ಕೇಳುವಾಗ. ಲಕ್ಕಮ್ಮನ ಅಕ್ಕಿ, ಅರಣ್ಯದ ಮನ್ನ, ಕೊರಿಂಥದ ಚಂದಾ ಹಣ ಮೂರೂ ಒಂದೇ ಅಳತೆಯನ್ನು ಒಪ್ಪುತ್ತವೆ. ಒಂದು ಮತದ ಸಂತರನ್ನು ಇನ್ನೊಂದು ಮತದ ಲೆಕ್ಕಕ್ಕೆ ಬರೆದುಕೊಳ್ಳುವ ಉದ್ದೇಶ ಇಲ್ಲಿಲ್ಲ. ಲಕ್ಕಮ್ಮನ ಮಾರಯ್ಯಪ್ರಿಯ ಅಮರೇಶ್ವರಲಿಂಗ ಬೇರೆ, ಪೌಲನ ಕ್ರಿಸ್ತ ಬೇರೆ. ನಾವು ಹೇಳುವುದಿಷ್ಟೆ: ಗ್ರೀಕಿನಿಂದ ಬರುವಾಗ ದಾರಿಯಲ್ಲಿ ಬಿಟ್ಟುಹೋದ ಮನೆ ಲಕ್ಕಮ್ಮ ಹುಟ್ಟಿದ ಸೀಮೆಯ ‘ಭಕ್ತಿ’ಯೊಳಗೆ ಮೊದಲೇ ಇತ್ತು. ಮಾತನ್ನು ತಿದ್ದಬೇಕಾಗಿಲ್ಲ, ಅದರ ಅರ್ಥವನ್ನು ನಾಡಿನಿಂದ ಕೇಳಿ ತಿಳಿದುಕೊಳ್ಳಬೇಕಾಗಿದೆ.

ಇದು ಬರಿಯ ಶಬ್ದಚರ್ಚೆಯಲ್ಲ ಎಂಬುದಕ್ಕೆ ಪತ್ರಿಕೆಯ ಹನ್ನೊಂದನೆಯ ಅಧ್ಯಾಯವನ್ನು ನೋಡಬೇಕು. ಕೊರಿಂಥದ ಸಭೆಯವರು ಕರ್ತನ ಭೋಜನಕ್ಕೆ ಸೇರುತ್ತಿದ್ದರು. ಉಳ್ಳವರು ಮೊದಲು ಕುಳಿತು ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ನಿಂತಿರುತ್ತಿದ್ದರು. ಇದಕ್ಕೆ ನಮ್ಮ ಭಾಷೆಯಲ್ಲಿ ಒಂದು ಸರಿಯಾದ ಹೆಸರಿದೆ: ಪಂಕ್ತಿಭೇದ. ಪೌಲನ ಕೋಪ ಆ ಪತ್ರಿಕೆಯಲ್ಲಿ ಅತಿ ಹೆಚ್ಚು ಉರಿಯುವ ಸ್ಥಳಗಳಲ್ಲಿ ಅದೊಂದು. ಎಂಟನೆಯ ಅಧ್ಯಾಯದಲ್ಲಿ ಭಕ್ತಿವೃದ್ಧಿಯ ಮಾತು ಬರುವುದೂ ಊಟದ ವಿಷಯದಲ್ಲಿಯೇ, ಬಲವುಳ್ಳವನು ತಿನ್ನುವುದು ಬಲಹೀನನಿಗೆ ಎಡವಾಗದಿರಲಿ ಎಂಬ ಪ್ರಸಂಗದಲ್ಲಿ. ಅಂದಮೇಲೆ ಭಕ್ತಿವೃದ್ಧಿಯನ್ನು ಅಳೆಯುವ ಸ್ಥಳ ಎಲೆಯ ಮುಂದೆ, ಒಂಟಿ ಕೋಣೆಯ ಮುಚ್ಚಿದ ಬಾಗಿಲ ಹಿಂದೆ ಮಾತ್ರವಲ್ಲ.

ದಕ್ಷಿಣ ಭಾರತದ ಕ್ರೈಸ್ತ ಸಭೆಗಳ ಚರಿತ್ರೆಯಲ್ಲಿ ಜಾತಿಗೊಂದು ಸಾಲು, ಜಾತಿಗೊಂದು ಸ್ಮಶಾನ ಇದ್ದದ್ದು ಗುಟ್ಟಿನ ಸಂಗತಿಯಲ್ಲ. ಇತ್ತ ರಾಯಚೂರಿನ ಸೀಮೆಯಲ್ಲಿ ಬೈಬಲಿನ ಮಾತನ್ನು ನಂಬಿ ಬಂದವರಲ್ಲಿ ಬಹಳ ಮಂದಿ ಊರ ಹೊರಗಿನ ಕೇರಿಯವರು. ೧೯೫೦ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯವಿಲ್ಲ. ಸಿಖ್ಖರಿಗೆ ೧೯೫೬ರಲ್ಲಿ, ಬೌದ್ಧರಿಗೆ ೧೯೯೦ರಲ್ಲಿ ಅದು ದೊರೆಯಿತು. ಇಷ್ಟು ಬೆಲೆ ತೆತ್ತು ಒಂದು ಮನೆಯೊಳಗೆ ಬಂದವನಿಗೆ ಅಲ್ಲಿಯೂ ಹೊರಜಗುಲಿಯೇ ದೊರೆತರೆ, ಅವನಿಗೆ ಕೋಪವನ್ನು ಗೆಲ್ಲುವ ಮೂರು ಪಾಠಗಳನ್ನು ಕಲಿಸುವುದು ಉಪದೇಶವಾಗುತ್ತದೆಯೇ? ಬೈಬಲಿನ ಬೋಧನೆಯನ್ನು ಬಾಳಿಗೆ ಅನ್ವಯಿಸುವ ಪುಸ್ತಕಗಳನ್ನು ಬರೆಯುವವರ ಮುಂದೆ ನಿಂತಿರುವ ಪ್ರಶ್ನೆ ಇದು. ಅವರು ಇದನ್ನು ತಪ್ಪಿಸಿಕೊಂಡಷ್ಟೂ ಅವರ ಗದ್ಯ ಸಪ್ಪೆಯಾಗುತ್ತ ಹೋಗುತ್ತದೆ. ಸಾಹಿತ್ಯದ ದೋಷ ಇಲ್ಲಿ ಧರ್ಮದ ದೋಷದಿಂದ ಬೇರೆಯಲ್ಲ.

ಕ್ರಿಸ್ತನನ್ನು ಕುರಿತ ದೊಡ್ಡ ಕನ್ನಡ ಕೃತಿ ಇಲ್ಲವೆಂದಲ್ಲ. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಖಂಡಕಾವ್ಯ ಶಿಲುಬೆಯ ದಿನದ ಭೀಕರ ಗಾಂಭೀರ್ಯವನ್ನು ಕನ್ನಡದಲ್ಲಿ ನಿಲ್ಲಿಸಿದೆ. ಕ್ರೈಸ್ತನಲ್ಲದ ಕವಿಯೊಬ್ಬನು ಅದನ್ನು ಬರೆದನೆಂಬುದು ನಾಡಿಗೆ ಗೌರವದ ವಿಷಯ. ಆದರೆ ಕಾವ್ಯ ಹಿಡಿದದ್ದು ಒಂದು ದಿನವನ್ನು, ಅದೂ ಮರಣದ ದಿನವನ್ನು. ಬಿತ್ತನೆಯ ದಿನ, ಕಳೆಯ ದಿನ, ಕೂಲಿ ಹಂಚುವ ದಿನ, ಕಾಲುವೆಯ ನೀರಿಗೆ ಸರದಿ ಕಾಯುವ ದಿನ, ಇವುಗಳಲ್ಲಿ ಆ ಬೋಧನೆ ಏನಾಗುತ್ತದೆಂಬುದನ್ನು ಹೇಳುವ ಗದ್ಯ ಇನ್ನೂ ಬರಬೇಕಾಗಿದೆ. ಅದಕ್ಕೆ ಬೇಕಾದ ಪದಸಂಪತ್ತನ್ನು ಪಂಡಿತರಿಂದ ಸಾಲ ತರಬೇಕಾಗಿಲ್ಲ. ಎರೆ, ಕೂರಿಗೆ, ಸವಳು, ಸರದಿ, ಪಂಕ್ತಿ, ದಾಸೋಹ ಎಂಬ ಮಾತುಗಳು ಸಿಂಧನೂರು ಮಸ್ಕಿ ಲಿಂಗಸುಗೂರುಗಳ ಬಾಯಲ್ಲಿ ದಿನವೂ ಓಡಾಡುತ್ತಿವೆ. ಉಪದೇಶಿಯು ಪೀಠದ ಮೇಲಿನಿಂದ ‘ನೀವು’ ಎಂದಾಗ ಅದನ್ನು ಒಬ್ಬನ ಗೌರವಕ್ಕೆ ಅಲ್ಲ, ಇಡೀ ಕೇರಿಗೆ ಹೇಳಿದ್ದೆಂದು ಕೇಳುವವರು ಬಂದ ದಿನ, ಇನ್ನೂರು ವರ್ಷಗಳ ಹಿಂದೆ ನದಿಯ ಆಚೆಯ ದಡದಲ್ಲಿ ಆರಂಭವಾದ ಅನುವಾದದ ಕೆಲಸ ಮುಗಿಯಿತೆಂದು ಹೇಳಬಹುದು.